ಹುಬ್ಬಳ್ಳಿ–ಮಂಗಳೂರು: ಆಕಾಶದಲ್ಲಿ 267 ಕಿ.ಮೀ., ಮನೆಯಿಂದ ಮನೆಗೆ ಎಷ್ಟು ಗಂಟೆ?

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 267 ಕಿಲೋಮೀಟರ್ ಬರುತ್ತದೆ. ಪೈಲಟ್‌ಗಳ ಲೆಕ್ಕದಲ್ಲಿ 144 ನಾಟಿಕಲ್ ಮೈಲಿ. ಅಂತರ್ಜಾಲದಲ್ಲಿ ವಿಮಾನ ದೂರ ಲೆಕ್ಕ ಹಾಕಿಕೊಡುವ ತಾಣಗಳು ಇದನ್ನೇ ಹೇಳಿ, ಕೆಳಗೆ 'ಪ್ರಯಾಣದ ಸಮಯ 50 ನಿಮಿಷ' ಎಂದೂ ಸೇರಿಸುತ್ತವೆ. ಈ ಐವತ್ತು ನಿಮಿಷ ಯಾವ ವೇಳಾಪಟ್ಟಿಯಿಂದಲೂ ಬಂದದ್ದಲ್ಲ. ದೂರವನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆ ಕೂಡಿಸಿದರೆ ಯಾವ ಎರಡು ನಿಲ್ದಾಣಗಳ ನಡುವೆಯೂ ಇಂಥದೊಂದು ಉತ್ತರ ಸಿಗುತ್ತದೆ. ಆ ದಾರಿಯಲ್ಲಿ ವಿಮಾನ ಹಾರುತ್ತದೆಯೇ ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಹುಬ್ಬಳ್ಳಿಯಿಂದ ಮಂಗಳೂರಿಗೆ ಹೋಗಬೇಕಾದವರಿಗೆ ಬೇಕಾಗಿರುವುದು ಬೇರೆ ಲೆಕ್ಕ. ಮನೆಯ ಬೀಗ ಹಾಕಿದ ಗಳಿಗೆಯಿಂದ ಹೋಗಬೇಕಾದ ಜಾಗದ ಬಾಗಿಲು ತಟ್ಟುವವರೆಗೆ ಎಷ್ಟು ಹೊತ್ತು? ಹಾಗೆ ನೋಡಿದಾಗ ವಿಮಾನ, ಕಾರು, ಬಸ್ಸು, ರೈಲುಗಳ ಸಾಲು ಬಹಳಷ್ಟು ಬದಲಾಗುತ್ತದೆ.

ನೇರ ವಿಮಾನ ಇದ್ದರೆ

ಈ ಎರಡು ನಿಲ್ದಾಣಗಳ ನಡುವೆ 2022ರಲ್ಲಿ ನೇರ ವಿಮಾನ ಶುರುವಾಗಿ, ಕೆಲಕಾಲ ಹಾರಿ ನಿಂತಿತು. ಸಣ್ಣ ಊರುಗಳ ನಡುವಿನ ಹಾರಾಟಗಳ ಹಣೆಬರಹವೇ ಅಷ್ಟು. ಬಂದಾಗ ಪತ್ರಿಕೆಗಳ ಮುಖಪುಟದಲ್ಲಿ ಬರುತ್ತವೆ, ಹೋದದ್ದು ಟಿಕೆಟ್ ಹುಡುಕಿದವರಿಗಷ್ಟೇ ಗೊತ್ತಾಗುತ್ತದೆ. ಆದ್ದರಿಂದ ಯಾರೋ ಹೇಳಿದ ಮಾತನ್ನೋ ಹಳೆಯ ಸುದ್ದಿಯನ್ನೋ ನಂಬದೆ, ಪ್ರಯಾಣದ ದಿನಾಂಕ ಹಾಕಿ ವಿಮಾನ ಸಂಸ್ಥೆಯ ತಾಣದಲ್ಲೇ ನೋಡಬೇಕು. ವಿಮಾನ ವೇಳಾಪಟ್ಟಿ ವರ್ಷಕ್ಕೆ ಎರಡು ಬಾರಿ ಬದಲಾಗುತ್ತದೆ: ಮಾರ್ಚ್ ತಿಂಗಳ ಕೊನೆಯ ಭಾನುವಾರ ಬೇಸಿಗೆಯ ಪಟ್ಟಿ, ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಚಳಿಗಾಲದ ಪಟ್ಟಿ ಜಾರಿಗೆ ಬರುತ್ತವೆ. ಹೊಸ ಮಾರ್ಗಗಳು ಹುಟ್ಟುವುದೂ ಹಳೆಯವು ಸಾಯುವುದೂ ಹೆಚ್ಚಾಗಿ ಈ ಎರಡು ತಿರುವುಗಳಲ್ಲಿ. ಏಪ್ರಿಲ್‌ನಲ್ಲಿ ಕಂಡ ವಿಮಾನವನ್ನು ನೆಚ್ಚಿಕೊಂಡು ನವೆಂಬರ್‌ನ ಮದುವೆಗೆ ಯೋಜನೆ ಹಾಕುವುದು ಬೇಡ.

ನೇರ ವಿಮಾನ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಇಷ್ಟು ಹತ್ತಿರದ ದಾರಿಗೆ ಸಾಮಾನ್ಯವಾಗಿ ಬಳಸುವುದು ಎಪ್ಪತ್ತಕ್ಕೂ ಹೆಚ್ಚು ಆಸನಗಳ, ರೆಕ್ಕೆಯಲ್ಲಿ ಎರಡು ಪ್ರೊಪೆಲರ್ ಇರುವ ಎಟಿಆರ್ 72 ವಿಮಾನವನ್ನು. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಹಾಗೆ ನೋಡಿದರೆ 267 ಕಿ.ಮೀ. ದಾಟಲು ಮೂವತ್ತೆರಡು ನಿಮಿಷ ಸಾಕು. ಜೆಟ್ ವಿಮಾನವಾದರೆ ಇಪ್ಪತ್ತು ನಿಮಿಷ. ಆದರೆ ಜೆಟ್ ತನ್ನ ಪೂರ್ಣ ಎತ್ತರಕ್ಕೂ ವೇಗಕ್ಕೂ ತಲುಪುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ಹೀಗಾಗಿ ಈ ದೂರದಲ್ಲಿ ಅದರ ವೇಗದಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಎಟಿಆರ್ ಸಣ್ಣದೆಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು.

ಟಿಕೆಟ್ ಮೇಲೆ ಬರೆದಿರುವ ಸಮಯ ಮಾತ್ರ ಸುಮಾರು ಒಂದು ಗಂಟೆ ಇರುತ್ತದೆ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ಊರಿನಲ್ಲಿ ಬಂದು ನಿಲ್ಲುವವರೆಗಿನ ಎಲ್ಲವನ್ನೂ ಅದು ಒಳಗೊಂಡಿರುತ್ತದೆ. ರನ್‌ವೇ ತುದಿಗೆ ಸಾಗುವುದು, ಸರದಿಗೆ ಕಾಯುವುದು, ಮೇಲೇರಿದ ಮೇಲೆ ದಿಕ್ಕು ತಿರುಗಿಸುವುದು, ಇಳಿಯುವ ಮುನ್ನ ರನ್‌ವೇ ನೇರಕ್ಕೆ ಬರಲು ಸುತ್ತು ಹಾಕುವುದು ಎಲ್ಲವೂ ಸೇರುತ್ತವೆ. ಗಾಳಿಯ ಪ್ರಭಾವ ಇಲ್ಲಿ ಅಲ್ಪ. ಗಂಟೆಗೆ 40 ಕಿ.ಮೀ. ವೇಗದ ಎದುರುಗಾಳಿ ಇದ್ದರೂ ತಡವಾಗುವುದು ಮೂರು ನಿಮಿಷ.

ಈಗ ಇದಕ್ಕೆ ನೆಲದ ಮೇಲಿನ ಹೊತ್ತನ್ನು ಕೂಡಿಸಿ. ಹುಬ್ಬಳ್ಳಿಯ ನಿಲ್ದಾಣ ಗೋಕುಲ ರಸ್ತೆಯಲ್ಲಿ, ಊರಿಗೆ ಅಂಟಿಕೊಂಡೇ ಇದೆ. ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ತಲುಪಬಹುದು. ಧಾರವಾಡದವರು ಇನ್ನೊಂದು ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಬೇಕು. ಬ್ಯಾಗ್ ಒಪ್ಪಿಸುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ, ಹೊರಡುವ ವೇಳೆಗೆ ಒಂದೂಕಾಲು ಗಂಟೆ ಮುಂಚೆ ಅಲ್ಲಿರುವುದು ಕ್ಷೇಮ. ಆ ಕಡೆ ಇಳಿದ ಮೇಲೆ ಬ್ಯಾಗಿಗೆ ಇಪ್ಪತ್ತು ನಿಮಿಷ. ಮಂಗಳೂರಿನ ನಿಲ್ದಾಣವಂತೂ ಊರೊಳಗಿಲ್ಲ. ಬಜಪೆಯ ಪಕ್ಕದ ಕೆಂಜಾರಿನ ಗುಡ್ಡದ ಮೇಲಿದೆ. ಗುಡ್ಡ ಇಳಿದು, ಮರವೂರು ಸೇತುವೆ ದಾಟಿ, ಕಾವೂರು, ಬೊಂದೇಲ್ ಹಾದು ಊರ ನಡುವಿನ ಹಂಪನಕಟ್ಟೆ ಸೇರಲು ನಲವತ್ತು ನಿಮಿಷ ಬೇಕು, ಸಂಜೆಯ ವಾಹನ ದಟ್ಟಣೆಯಲ್ಲಿ ಇನ್ನೂ ಹೆಚ್ಚು. ಎಲ್ಲ ಕೂಡಿಸಿದರೆ ನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ. ಐವತ್ತು ನಿಮಿಷ ಎಂದದ್ದು ಹೀಗೆ ನಾಲ್ಕು ಗಂಟೆಯಾಗುತ್ತದೆ. ಆದರೂ ಉಳಿದ ಎಲ್ಲ ದಾರಿಗಳ ಅರ್ಧ ಹೊತ್ತು ಇದು. ನೇರ ವಿಮಾನ ನಿಮಗೆ ಬೇಕಾದ ದಿನ ಇದ್ದು, ದರ ಕೈಗೆಟುಕುವಂತಿದ್ದರೆ ಬೇರೆ ಯೋಚನೆ ಮಾಡಬೇಕಾಗಿಲ್ಲ.

ಇಂಥ ಮಾರ್ಗಗಳು ಯಾಕೆ ಬಾಳುವುದಿಲ್ಲ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. ಕೇಂದ್ರ ಸರ್ಕಾರದ 'ಉಡಾನ್' ಯೋಜನೆಯಲ್ಲಿ 2017ರಿಂದ ಸಣ್ಣ ನಿಲ್ದಾಣಗಳ ನಡುವೆ ವಿಮಾನ ಓಡಿಸುವ ಸಂಸ್ಥೆಗಳಿಗೆ ನಷ್ಟ ತುಂಬಿಕೊಡುವ ವ್ಯವಸ್ಥೆ ಇದೆ. ಆ ನೆರವು ಒಂದು ಮಾರ್ಗಕ್ಕೆ ಮೂರು ವರ್ಷ. ಅಷ್ಟರಲ್ಲಿ ಆಸನಗಳು ತುಂಬುವ ರೂಢಿ ಬೆಳೆಯದಿದ್ದರೆ ನೆರವು ಮುಗಿದ ಮೇಲೆ ವಿಮಾನವೂ ಹೋಗುತ್ತದೆ. ನೆರವಿಲ್ಲದ ಮಾರ್ಗಗಳ ಪಾಡು ಇನ್ನೂ ತೆಳು. ಅದೇ ವಿಮಾನವನ್ನು ಹೆಚ್ಚು ಗಳಿಸುವ ಬೇರೆ ದಾರಿಗೆ ಹಾಕಲು ಸಂಸ್ಥೆಗೆ ಒಂದು ವೇಳಾಪಟ್ಟಿ ಬದಲಾವಣೆ ಸಾಕು. ವಾರಕ್ಕೆ ಮೂರು ನಾಲ್ಕು ದಿನ ಮಾತ್ರ ಹಾರುವ ಮಾರ್ಗದಲ್ಲಿ ಒಂದು ಹಾರಾಟ ರದ್ದಾದರೆ ಮುಂದಿನದಕ್ಕೆ ಎರಡು ದಿನ ಕಾಯಬೇಕಾಗುತ್ತದೆ ಎಂಬುದೂ ನೆನಪಿರಲಿ.

ಬೆಂಗಳೂರು ಸುತ್ತಿ ಬರುವ ವಿಮಾನ

ನೇರ ವಿಮಾನ ಇಲ್ಲದಾಗ ಟಿಕೆಟ್ ತಾಣಗಳು ಧೈರ್ಯವಾಗಿ ತೋರಿಸುವುದು ಇದನ್ನು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 371 ಕಿ.ಮೀ., ಅಲ್ಲಿಂದ ಮಂಗಳೂರಿಗೆ 307. ಒಟ್ಟು 678 ಕಿ.ಮೀ. ದಕ್ಷಿಣದಲ್ಲಿರುವ ಊರಿಗೆ ಹೋಗಲು ಆಗ್ನೇಯಕ್ಕೆ ಹಾರಿ, ಮತ್ತೆ ಪಶ್ಚಿಮಕ್ಕೆ ತಿರುಗಿ ಬರುವ ಈ ದಾರಿ ನೇರ ಗೆರೆಯ ಎರಡೂವರೆ ಪಟ್ಟು.

ದೂರ ಹೆಚ್ಚಾದದ್ದು ಇಲ್ಲಿ ದೊಡ್ಡ ತೊಂದರೆಯಲ್ಲ. ಎರಡೂ ಹಾರಾಟಗಳು ಸೇರಿ ಎರಡು ಗಂಟೆಯ ಸುತ್ತಮುತ್ತ ಮುಗಿಯುತ್ತವೆ. ನಡುವೆ ಬೆಂಗಳೂರಿನಲ್ಲಿ ಕುಳಿತಿರುವ ಹೊತ್ತೇ ದಿನವನ್ನು ನುಂಗುವುದು. ಎರಡು ಗಂಟೆಯ ಅಂತರ ಸಿಕ್ಕಿದರೆ ಮನೆಯಿಂದ ಮನೆಗೆ ಏಳರಿಂದ ಏಳೂವರೆ ಗಂಟೆ. ನಾಲ್ಕು ಗಂಟೆಯ ಅಂತರವಾದರೆ ಒಂಬತ್ತು ದಾಟುತ್ತದೆ. ಅಂದರೆ ಒಳ್ಳೆಯ ಸಂದರ್ಭದಲ್ಲಿ ಇದು ಕಾರಿನ ಪ್ರಯಾಣಕ್ಕೆ ಸಮ, ಕೆಟ್ಟ ಸಂದರ್ಭದಲ್ಲಿ ಬಸ್ಸಿಗಿಂತ ತಡ, ದರದಲ್ಲಿ ಮಾತ್ರ ಎಲ್ಲಕ್ಕಿಂತ ಮುಂದೆ. ಅಂತರ ಎರಡೂವರೆ ಗಂಟೆಗಿಂತ ಹೆಚ್ಚಿದ್ದರೆ ಈ ಟಿಕೆಟ್ ಕೊಳ್ಳುವುದರಲ್ಲಿ ಅರ್ಥವಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ಗಂಟೆಗಿಂತ ಕಡಿಮೆ ಇದ್ದರೂ ಬೇಡ.

ಕೊಳ್ಳುವುದೇ ಆದರೆ ಎರಡೂ ಹಾರಾಟಗಳು ಒಂದೇ ಪಿಎನ್‌ಆರ್‌ನಲ್ಲಿರಲಿ. ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ದಾರಿ ತೋರಿಸುವ ಹೊಣೆ ಸಂಸ್ಥೆಯದು. ಬ್ಯಾಗ್ ಕೂಡ ಹುಬ್ಬಳ್ಳಿಯಲ್ಲಿ ಕೊಟ್ಟರೆ ಮಂಗಳೂರಿನಲ್ಲಿ ಕೈಗೆ ಸಿಗುತ್ತದೆ. ನಾಲ್ಕು ನೂರು ರೂಪಾಯಿ ಉಳಿಯಿತೆಂದು ಬೇರೆ ಬೇರೆ ಸಂಸ್ಥೆಗಳ ಎರಡು ಟಿಕೆಟ್ ಜೋಡಿಸಿಕೊಂಡರೆ ಬ್ಯಾಗ್ ಪಡೆದು, ಹೊರಬಂದು, ಬೇಕಾದರೆ ಇನ್ನೊಂದು ಟರ್ಮಿನಲ್‌ಗೆ ಬಸ್ ಹಿಡಿದು, ಮತ್ತೆ ಭದ್ರತಾ ತಪಾಸಣೆಯ ಸಾಲಿನಲ್ಲಿ ನಿಲ್ಲಬೇಕು. ಎರಡನೆಯ ವಿಮಾನ ತಪ್ಪಿದರೆ ಆ ಹಣ ಹೋದ ಹಾಗೆಯೇ.

ಹವಾಮಾನದ ಮಾತೂ ಇದೆ. ಡಿಸೆಂಬರ್, ಜನವರಿಯ ಮುಂಜಾನೆ ಬೆಂಗಳೂರಿನ ನಿಲ್ದಾಣದಲ್ಲಿ ಮಂಜು ಕವಿದು ವಿಮಾನಗಳು ತಡವಾಗುತ್ತವೆ. ಮಳೆಗಾಲದಲ್ಲಿ ಸರದಿ ಮಂಗಳೂರಿನದು. ಅಲ್ಲಿಯ ರನ್‌ವೇ ಗುಡ್ಡವನ್ನು ಸಮತಟ್ಟು ಮಾಡಿ ಕಟ್ಟಿದ್ದು, ತುದಿಗಳಲ್ಲಿ ಕಣಿವೆ. 2010ರ ಮೇ 22ರಂದು 158 ಜನರನ್ನು ಬಲಿ ತೆಗೆದುಕೊಂಡ ದುರಂತ ನಡೆದದ್ದು ಇಲ್ಲಿಯೇ. ಜುಲೈ, ಆಗಸ್ಟ್‌ನ ಜಡಿಮಳೆಯಲ್ಲಿ ರನ್‌ವೇ ಸರಿಯಾಗಿ ಕಾಣದಿದ್ದರೆ ಪೈಲಟ್‌ಗಳು ಇಳಿಯುವುದಿಲ್ಲ. ವಿಮಾನ ಮೇಲೆ ಸುತ್ತು ಹಾಕಿ ಬೆಂಗಳೂರಿಗೋ ಕೊಚ್ಚಿಗೋ ಕಣ್ಣೂರಿಗೋ ಹೋಗುತ್ತದೆ. ಅದು ಸರಿಯಾದ ನಿರ್ಧಾರವೇ. ಆದರೆ ಅದೇ ದಿನ ಮಧ್ಯಾಹ್ನ ನ್ಯಾಯಾಲಯದಲ್ಲೋ ಸಂದರ್ಶನದಲ್ಲೋ ಹಾಜರಿರಬೇಕಾದವರು ಮಳೆಗಾಲದಲ್ಲಿ ಹಿಂದಿನ ದಿನವೇ ಹೊರಡುವುದು ಒಳಿತು.

ರಸ್ತೆ

ನೇರ ಗೆರೆ ಹುಬ್ಬಳ್ಳಿಯಿಂದ ಹೊರಟು ಮುಂಡಗೋಡ, ಬನವಾಸಿ, ಸಾಗರದ ಮೇಲೆ ಹಾದು, ಶರಾವತಿ ಹಿನ್ನೀರನ್ನು ದಾಟಿ, ಘಟ್ಟ ಇಳಿದು ಬಜಪೆ ಸೇರುತ್ತದೆ. ಅಚ್ಚರಿಯೆಂದರೆ ಈ ಗೆರೆಯ ಪಕ್ಕದಲ್ಲೇ ಸಾಗುವ ರಸ್ತೆಗಳು ಬೇಗ ಮುಟ್ಟಿಸುವುದಿಲ್ಲ. ಸಾಗರ, ಹೊಸನಗರ, ಹುಲಿಕಲ್ ಘಟ್ಟ, ಕುಂದಾಪುರ ಎಂದು ಹೋದರೆ ಕಿಲೋಮೀಟರ್ ಕಡಿಮೆಯಾದೀತು, ತಿರುವುಗಳ ದೆಸೆಯಿಂದ ಗಂಟೆ ಉಳಿಯುವುದಿಲ್ಲ. ಬೇಗ ಹೋಗಬೇಕಾದವರು ಮೊದಲು ಪಶ್ಚಿಮಕ್ಕೆ ಸರಿದು ಸಮುದ್ರದ ಬದಿಯ ಹೆದ್ದಾರಿ ಹಿಡಿಯುತ್ತಾರೆ.

ರೂಢಿಯ ದಾರಿ ಹೀಗಿದೆ: ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರು. ಒಟ್ಟು ಸುಮಾರು 370 ಕಿ.ಮೀ., ಕಾರಿನಲ್ಲಿ ಊಟದ ನಿಲುಗಡೆ ಸೇರಿ ಏಳೂವರೆಯಿಂದ ಎಂಟೂವರೆ ಗಂಟೆ. ಅಂಕೋಲಾದವರೆಗಿನ 135 ಕಿ.ಮೀ.ಗೆ ಮೂರು ಗಂಟೆ ಬೇಕು. ಅದಿರಿನ, ಸರಕಿನ ಲಾರಿಗಳು ಅರಬೈಲ್ ಇಳಿಯುವಾಗ ಹಿಂದೆ ಸಿಕ್ಕಿಕೊಂಡವರಿಗೆ ತಾಳ್ಮೆಯೇ ಗತಿ. ಆಮೇಲಿನ 235 ಕಿ.ಮೀ. ಬಹುಪಾಲು ಚತುಷ್ಪಥ. ಹೊಳೆಗದ್ದೆ, ಶಿರೂರು, ಸಾಸ್ತಾನ, ಹೆಜಮಾಡಿಗಳಲ್ಲಿ ಟೋಲ್ ಕಟ್ಟಬೇಕು. ಸುರತ್ಕಲ್‌ನಲ್ಲಿದ್ದುದನ್ನು ಜನರ ಹೋರಾಟದ ನಂತರ 2022ರ ಕೊನೆಯಲ್ಲಿ ತೆಗೆದರು.

ಇನ್ನೊಂದು ದಾರಿ ಶಿರಸಿಯ ಮೇಲೆ, ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ. ದೂರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಲಾರಿಗಳ ಕಾಟ ಕಡಿಮೆ. ಹಗಲಿನ ಪ್ರಯಾಣಕ್ಕೆ ನಾನು ಇದನ್ನೇ ಮೇಲೆಂದು ಎಣಿಸುತ್ತೇನೆ. ರಾತ್ರಿಯಾದರೆ, ಗುರುತಿಲ್ಲದವರಿಗೆ ಅಂಕೋಲಾ ದಾರಿಯೇ ವಾಸಿ.

ಮಳೆಗಾಲದಲ್ಲಿ ಈ ಎರಡನೆಯ ದಾರಿ ಗೊತ್ತಿರುವುದು ಉಪಯೋಗಕ್ಕೆ ಬರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೂ ಅಂಚಿನ ಹೋಟೆಲೂ ಗಂಗಾವಳಿ ನದಿಯ ಪಾಲಾದವು. ಹಲವು ದಿನ ಆ ದಾರಿ ಬಂದ್ ಆಗಿತ್ತು. (ಟೋಲ್ ಇರುವ ಶಿರೂರು ಬೇರೆ, ಅದು ಬೈಂದೂರಿನ ಹತ್ತಿರ, ಸುದ್ದಿ ಕೇಳಿ ಗಾಬರಿಯಾಗುವ ಮುನ್ನ ಯಾವ ಶಿರೂರೆಂದು ವಿಚಾರಿಸಿ.) ಕುಸಿದ ಜಾಗ ಅಂಕೋಲಾ ಮತ್ತು ಕುಮಟಾ ನಡುವೆ ಇರುವುದರಿಂದ ಶಿರಸಿಯ ಮೇಲೆ ಕುಮಟಾಕ್ಕೆ ಇಳಿಯುವವರು ಅದನ್ನು ತಪ್ಪಿಸಬಹುದು. ಆದರೆ ದೇವಿಮನೆ ಘಟ್ಟವೂ ಮಳೆಗೆ ಹೊರತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ದಿನ ಬೆಳಿಗ್ಗೆ ಉತ್ತರ ಕನ್ನಡ ಜಿಲ್ಲಾಡಳಿತದ ಪ್ರಕಟಣೆ ನೋಡಿಯೇ ಗಾಡಿ ತೆಗೆಯಬೇಕು.

ಖರ್ಚಿನಲ್ಲಿ, ನಾಲ್ಕು ಜನರ ಕುಟುಂಬಕ್ಕೆ ವಿಮಾನಕ್ಕಿಂತ ಕಾರು ಎಷ್ಟೋ ಅಗ್ಗ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ ಸುಮಾರು 25 ಲೀಟರ್ ಪೆಟ್ರೋಲ್ ಸಾಕು. ಒಬ್ಬರೇ ಓಡಿಸಿಕೊಂಡು ಹೋಗುವುದಾದರೆ ಲೆಕ್ಕ ತಿರುಗುತ್ತದೆ. ಎಂಟು ಗಂಟೆ ಘಟ್ಟ ಮತ್ತು ಹೆದ್ದಾರಿಯಲ್ಲಿ ಸ್ಟೀರಿಂಗ್ ಹಿಡಿದವನಿಗೆ ಮರುದಿನದ ಅರ್ಧ ದಿನ ದಣಿವಿನಲ್ಲೇ ಹೋಗುತ್ತದೆ, ಅದನ್ನು ಯಾವ ತಾಣವೂ ಲೆಕ್ಕ ಹಾಕುವುದಿಲ್ಲ.

ಬಸ್ಸಿಗೆ ಎಂಟರಿಂದ ಹತ್ತು ಗಂಟೆ. ರಾತ್ರಿ ಊಟ ಮುಗಿಸಿ ಹುಬ್ಬಳ್ಳಿಯಲ್ಲಿ ಹತ್ತಿದರೆ ಬೆಳಿಗ್ಗೆ ಮಂಗಳೂರು. ಮಲಗಿ ಹೋಗುವ ಬಸ್ಸಿನಲ್ಲಿ ನಿದ್ದೆ ಬರುವವರಿಗೆ ಈ ಹತ್ತು ಗಂಟೆ ದಿನದ ಲೆಕ್ಕಕ್ಕೆ ಸೇರುವುದೇ ಇಲ್ಲ. ಹಾಗಾಗಿ ಗಡಿಯಾರದಲ್ಲಿ ನಿಧಾನವಾದರೂ ಕೆಲಸದ ಹೊತ್ತು ಉಳಿಸುವುದರಲ್ಲಿ ಬೆಂಗಳೂರು ಸುತ್ತುವ ವಿಮಾನವನ್ನು ರಾತ್ರಿ ಬಸ್ಸು ಸುಲಭವಾಗಿ ಸೋಲಿಸುತ್ತದೆ. ಸಾರಿಗೆ ಸಂಸ್ಥೆಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಶಕ್ತಿ ಯೋಜನೆಯಡಿ ಟಿಕೆಟ್ ಹಣವಿಲ್ಲ. ರಾಜಹಂಸ, ಸ್ಲೀಪರ್‌ನಂಥ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಘಟ್ಟದ ತಿರುವಿನಲ್ಲಿ ಹೊಟ್ಟೆ ತೊಳಸುವವರು ಹಿಂದಿನ ಸೀಟು ಬಿಟ್ಟು ನಡುವಿನ ಸಾಲು ಕೇಳಿಕೊಳ್ಳುವುದು ಒಳ್ಳೆಯದು.

ರೈಲು

ನಕಾಶೆ ನೋಡಿದವರಿಗೆ ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಹಳಿ ಇದ್ದಿದ್ದರೆ ಎಂದು ಅನಿಸದೆ ಇರದು. ಆ ಯೋಜನೆ ತೊಂಬತ್ತರ ದಶಕದಿಂದ ಕಡತದಲ್ಲಿದೆ. ಕಾಡು, ವನ್ಯಜೀವಿ, ನ್ಯಾಯಾಲಯ ಎಂದು ಎಳೆದಾಡುತ್ತಲೇ ಇದೆ. ಪಶ್ಚಿಮ ಘಟ್ಟದ ಅಂಥ ಕಾಡನ್ನು ಸೀಳುವ ಮುನ್ನ ಯೋಚಿಸಬೇಕೆಂಬ ವಾದದಲ್ಲಿ ಹುರುಳಿದೆ ಎಂದು ನನಗೆ ಅನಿಸುತ್ತದೆ, ಆದರೆ ಆ ಜಗಳ ಇಲ್ಲಿ ಬೇಡ.

ಈಗಿರುವ ನೇರ ರೈಲು ವಿಜಯಪುರ–ಮಂಗಳೂರು. ಅದು ಹುಬ್ಬಳ್ಳಿಯಿಂದ ದಾವಣಗೆರೆ, ಅರಸೀಕೆರೆ, ಹಾಸನ, ಸಕಲೇಶಪುರದ ಮೇಲೆ 500 ಕಿ.ಮೀ.ಗೂ ಹೆಚ್ಚು ಸುತ್ತಿ ಮಂಗಳೂರು ಮುಟ್ಟುತ್ತದೆ. ಹದಿಮೂರು ಗಂಟೆಯ ಆಸುಪಾಸು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳಿವೆ. ಇಳಿಜಾರು 50 ಮೀಟರಿಗೆ ಒಂದು ಮೀಟರ್, ಹಾಗಾಗಿ ರೈಲು ನಡೆಯುವುದು ಮೆಲ್ಲಗೆ. ಬೇಗ ಹೋಗುವವರ ದಾರಿ ಇದಲ್ಲ. ವಯಸ್ಸಾದವರು, ಸೊಂಟ ನೋವಿನವರು, ಮಕ್ಕಳನ್ನು ಕಟ್ಟಿಕೊಂಡು ಹೊರಟವರಿಗೆ ಮಾತ್ರ ಬಸ್ಸಿಗಿಂತ ಇದು ನೂರು ಪಾಲು ಮೇಲು. ಕಾಲು ಚಾಚಬಹುದು, ಶೌಚಾಲಯ ಇದೆ, ಘಟ್ಟದ ತಿರುವು ಮೈಗೆ ತಾಗುವುದಿಲ್ಲ.

ಮಡಗಾಂವಿಗೆ ಹೋಗಿ, ಅಲ್ಲಿಂದ ಮಂಗಳೂರಿನ ವಂದೇ ಭಾರತ್ ಹಿಡಿಯುವ ಉಪಾಯವನ್ನು ಕೆಲವರು ಹೇಳುತ್ತಾರೆ. ಆ ರೈಲು ಮಡಗಾಂವಿನಿಂದ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮಂಗಳೂರು ತಲುಪುವುದು ನಿಜ. ಆದರೆ ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್ ರಾಕ್ ಮೇಲೆ ಮಡಗಾಂವಿಗೆ ಇಳಿಯುವುದಕ್ಕೇ ಐದಾರು ಗಂಟೆ ಬೇಕು. ದೂಧಸಾಗರ ನೋಡುವ ಆಸೆ ಇದ್ದರೆ ಹೋಗಿ, ಹೊತ್ತು ಉಳಿಸಲು ಅಲ್ಲ.

ಮಂಗಳೂರಿನಲ್ಲಿ ಎಲ್ಲಿಗೆ?

ಆಯ್ಕೆ ಮಾಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. 'ಮಂಗಳೂರಿಗೆ' ಎಂದು ಹೊರಡುವ ಉತ್ತರ ಕರ್ನಾಟಕದವರಲ್ಲಿ ಅನೇಕರು ಹೋಗುವುದು ಮಣಿಪಾಲದ ಆಸ್ಪತ್ರೆಗೋ ಉಡುಪಿಯ ಮಠಕ್ಕೋ ಕೊಲ್ಲೂರಿಗೋ. ಮಣಿಪಾಲವಾಗಲಿ ಉಡುಪಿಯಾಗಲಿ ಹುಬ್ಬಳ್ಳಿಯ ದಾರಿಯಲ್ಲಿ ಮಂಗಳೂರಿಗಿಂತ ಮೊದಲೇ ಸಿಗುತ್ತವೆ. ಅಲ್ಲಿಗೆ ಹೋಗಲು ಬಜಪೆಯಲ್ಲಿ ಇಳಿದು ಒಂದೂಕಾಲು, ಒಂದೂವರೆ ಗಂಟೆ ಉತ್ತರಕ್ಕೆ ವಾಪಸು ಬರುವುದೆಂದರೆ, ನೇರ ವಿಮಾನ ಇದ್ದರೂ ಕಾರಿಗಿಂತ ಉಳಿಯುವುದು ಒಂದೆರಡು ಗಂಟೆ. ಬೆಂಗಳೂರು ಸುತ್ತಿದರೆ ನಷ್ಟವೇ. ರೋಗಿಯನ್ನು ಕರೆದೊಯ್ಯುವವರಿಗೆ ಇನ್ನೊಂದು ಮಾತು: ಆಮ್ಲಜನಕ, ಸ್ಟ್ರೆಚರ್, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದರೆ ವಿಮಾನ ಸಂಸ್ಥೆ ವೈದ್ಯರ ಪತ್ರ ಕೇಳುತ್ತದೆ, ಮುಂಚಿತವಾಗಿ ತಿಳಿಸಲೂ ಹೇಳುತ್ತದೆ. ತುರ್ತಿನಲ್ಲಿ ಆ ಓಡಾಟಕ್ಕೆ ಸಮಯವಿರುವುದಿಲ್ಲ.

ಕೊಲ್ಲೂರಿಗೆ ಹೊರಟವರಿಗೆ 2025ರಿಂದ ಹೊಸ ಅನುಕೂಲವೊಂದು ಸಿಕ್ಕಿದೆ. ಸಿಗಂದೂರಿನ ಬಳಿ ಶರಾವತಿ ಹಿನ್ನೀರಿಗೆ ಸೇತುವೆ ಆಗಿರುವುದರಿಂದ ಲಾಂಚಿಗೆ ಕಾಯದೆ ಸಾಗರದಿಂದ ಆ ಕಡೆಗೆ ದಾಟಬಹುದು. ಹುಬ್ಬಳ್ಳಿ, ಶಿರಸಿ, ಸಾಗರ, ಸಿಗಂದೂರು, ಕೊಲ್ಲೂರು ಎಂದು ಒಂದೇ ದಿನದಲ್ಲಿ ಎರಡೂ ದೇವಿಯರ ದರ್ಶನ ಮುಗಿಸಿ ಕುಂದಾಪುರಕ್ಕೆ ಇಳಿಯುವವರು ಈಗ ಇದ್ದಾರೆ.

ಮಂಗಳೂರಿನಿಂದ ಅದೇ ರಾತ್ರಿ ದುಬೈಗೋ ದಮ್ಮಾಮಿಗೋ ವಿಮಾನ ಹಿಡಿಯಬೇಕಾದವರ ಲೆಕ್ಕ ಬೇರೆ. ಅವರು ಇಳಿಯುವುದೂ ಹತ್ತುವುದೂ ಅದೇ ಕೆಂಜಾರಿನ ಗುಡ್ಡದ ಮೇಲೆ, ಊರೊಳಗೆ ಹೋಗುವ ನಲವತ್ತು ನಿಮಿಷ ಅವರಿಗಿಲ್ಲ. ಆದರೂ ಬೆಂಗಳೂರಿನವರೆಗೆ ಹೋಗಿದ್ದೇ ಆದರೆ, ಮಂಗಳೂರಿಗೆ ಬರುವ ಬದಲು ಅಲ್ಲಿಂದಲೇ ಕೊಲ್ಲಿಯ ವಿಮಾನ ನೋಡುವುದು ಸುಲಭ. ಮಂಗಳೂರಿನ ಟಿಕೆಟ್ ಅಗ್ಗವಾಗಿ ಸಿಕ್ಕಿದೆ ಎಂಬ ಕಾರಣಕ್ಕೆ ಅಲ್ಲಿಂದಲೇ ಹೊರಡುವವರು ಹಿಂದಿನ ರಾತ್ರಿಯ ಬಸ್ಸಿನಲ್ಲಿ ಬಂದು, ಬಿಜೈನ ಬಸ್ ನಿಲ್ದಾಣದ ಹತ್ತಿರ ಅರ್ಧ ದಿನಕ್ಕೆ ಕೋಣೆ ಹಿಡಿದು, ಸ್ನಾನ ಊಟ ಮುಗಿಸಿ ಸಂಜೆ ಬಜಪೆಗೆ ಹೊರಡಲಿ.